ಪಟ್ಟಿ ಎಂದರೆ ನಾಯಿ

ಕಾಸರಗೋಡಿನ ಇನ್ನೊಂದು ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದರಂತೆ. ಜೂನಿನಲ್ಲಿ ಮಳೆ ಬಂದಷ್ಟೇ ಆಶ್ಚರ್ಯ ನನಗೆ. ಮುಂದಿನದ್ದು ನಿಮಗೂ ಬಾಯಿಪಾಠ: ಮಕ್ಕಳು ಜಗಲಿಯಲ್ಲಿ ಕೂರುವುದು, ಪಿಟಿಎಯವರು ಮನವಿ ಕೊಡುವುದು, ಟೀಚರ್ ದೀರ್ಘ ರಜೆ ಹಾಕುವುದು.

ಇದರಲ್ಲಿ ತಪ್ಪೇನಿದೆ ಹೇಳಿ? ಮಕ್ಕಳು ತಾವೇ ಕಲಿಯಬೇಕು, ಕಲಿಸುವವರು ಅಡ್ಡ ಬರಬಾರದು ಎಂದು ತಜ್ಞರೇ ಹೇಳುತ್ತಾರೆ. ಭಾಷೆಯೇ ಬಾರದವರು ಅಡ್ಡ ಬರುವುದಾದರೂ ಹೇಗೆ?

ನೆರೆಮನೆಯ ಹುಡುಗಿಗೆ ಈಗ ಎಂಟನೇ ಕ್ಲಾಸು. ಟೀಚರಿಗೆ ಅಕ್ಷರ ಬಾರದ ಕಾರಣ ಸಮಾಜ ಪಾಠವನ್ನು ಇವಳೇ ಓದಿ ಹೇಳಬೇಕು. "ನದಿಗಳ ಪಟ್ಟಿ ಮಾಡಿ" ಎಂದು ಓದಿದಳಂತೆ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಪಾಪ, ಆ ಟೀಚರ್ ಚಂದ್ರಗಿರಿ ಹೊಳೆಯಲ್ಲಿ ನಾಯಿ ಹುಡುಕುತ್ತಾ ಪೀರಿಯಡ್ ಮುಗಿಸಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಸರಕಾರಿ ನೇಮಕಾತಿ ಮಾಡುವ ಪಿಎಸ್‌ಸಿಯ ಪಟ್ಟಿಯಲ್ಲಿ ಹೆಸರು ಬಂತು, ಬಂದರು.

ಮಲಯಾಳದ ಮೇಲೆ ನಮಗೇನೂ ಸಿಟ್ಟಿಲ್ಲ ಮಾರಾಯ್ರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಾವು. ಬಸ್ಸು ಹತ್ತುವಾಗ ಮಂಜೇಶ್ವರ, ಇಳಿದು ಬೋರ್ಡು ನೋಡಿದರೆ ಮಂಜೇಶ್ವರಂ. ಆ 'ಅಂ'ಗೆ ಬೇರೆ ಟಿಕೆಟ್ ತೆಗೆಯಬೇಕಾಗಿಲ್ಲ, ಅಷ್ಟೇ ಪುಣ್ಯ. ಗೋವಿಂದ ಪೈಗಳು ಹತ್ತಾರು ಭಾಷೆ ಬಲ್ಲವರಾಗಿ ಬಾಳಿದ ಊರದು. ಈಗ ಎರಡು ಭಾಷೆ ಬಲ್ಲ ಒಬ್ಬ ಮಾಷ್ಟ್ರು ಸಿಕ್ಕಿದರೆ ಊರವರು ಸನ್ಮಾನ ಮಾಡಿಯಾರು.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳದ ಪಾಲಾಯಿತು. ಸಂವಿಧಾನದ 7ನೇ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ದಿನ. ಅದರಲ್ಲಿರುವ 350ಎ ವಿಧಿ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಒದಗಿಸಲು ಸರಕಾರ ಪ್ರಯತ್ನಿಸಬೇಕು. 70 ವರ್ಷದ ಹತ್ತಿರವಾಯಿತು, ಪ್ರಯತ್ನ ಭರದಿಂದ ಸಾಗಿದೆ.

ಸಾಕು ತಮಾಷೆ. ಪಾಠ ತಲೆಗೆ ಹೋಗದ ಮಗು ಮೊದಲು ಕೈ ಎತ್ತುವುದನ್ನು ಬಿಡುತ್ತದೆ. ಆಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕು ಬೀಳುತ್ತದೆ, ಕನ್ನಡ ಮಕ್ಕಳು ಹಿಂದೆ ಎಂದು ಹೇಳಿಸಿಕೊಳ್ಳುತ್ತದೆ. ಅಪ್ಪ ಅಮ್ಮ ಅದರ ತಂಗಿಯನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುತ್ತಾರೆ. ಮಕ್ಕಳು ಸಾಲದೆ 'ಡಿವಿಷನ್ ಫಾಲ್', ಅಂದರೆ ಕ್ಲಾಸಿನ ಒಂದು ವಿಭಾಗವೇ ರದ್ದು, ಅದರೊಂದಿಗೆ ಹುದ್ದೆಯೂ ರದ್ದು. ಯಾರೂ ಶಾಲೆಗೆ ಬೀಗ ಹಾಕಲಿಲ್ಲ ನೋಡಿ, ಅದಾಗಿಯೇ ಮುಚ್ಚಿತು. ಹೇಳಿ ಹೇಳಿ ಬಾಯಿ ಒಣಗಿದೆ.

ಬೆಂಗಳೂರಿನವರು ಪ್ರತಿ ರಾಜ್ಯೋತ್ಸವಕ್ಕೂ ನಮಗಾಗಿ ಅಳುತ್ತಾರೆ, ಚಂದ್ರಗಿರಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯ ಧೂಳು ಕೊಡವುತ್ತಾರೆ. ನಿಮ್ಮಲ್ಲಿಯ ಉರ್ದು ಶಾಲೆ, ಬೆಳಗಾವಿ ಕಡೆಯ ಮರಾಠಿ ಶಾಲೆ ಹೇಗಿದೆ ಸ್ವಾಮೀ ಎಂದು ಕೇಳಿದರೆ ಶಾಲು ಸರಿಮಾಡಿಕೊಳ್ಳುತ್ತಾರೆ.

ಮೊನ್ನೆ ಆ ಹುಡುಗಿಯ ನೋಟ್ಸು ನೋಡಿದೆ. ಪುಟಗಟ್ಟಲೆ ಮಲಯಾಳ, ಕಿವಿಗೆ ಬಿದ್ದಂತೆ ಕನ್ನಡ ಅಕ್ಷರದಲ್ಲಿ. ಸಂಜೆ ಮೀನಿನ ಕಾಕ ಸ್ಕೂಟರ್ ನಿಲ್ಲಿಸಿ, ಬೂತಾಯಿ ತೂಗುತ್ತಾ, ಒಂದೊಂದಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ.