ಮಾರ್ಕ್ಸ್ ಕಾರ್ಡ್ ತೋರಿಸಿ ಬುದ್ಧಿವಂತ ಅನ್ನಬೇಡಿ

ಈಗಷ್ಟೇ ಟಿವಿ ಆಫ್ ಮಾಡಿ ಬಂದೆ. ಇಲ್ಲಿ ಬೈಯದಿದ್ದರೆ ನಿದ್ದೆ ಬರಲ್ಲ. ಚರ್ಚೆಗೆ ಕೂತಿದ್ದ ಮಹಾಶಯರೊಬ್ಬರು "ಎಐ ಅಮೆರಿಕದ ವಕೀಲಿ ಪರೀಕ್ಷೆನೇ ಪಾಸು ಮಾಡಿದೆ, ಮನುಷ್ಯನಷ್ಟು ಬುದ್ಧಿ ಬಂದಾಯ್ತು" ಅಂದರು. ನಿರೂಪಕರು ಭಕ್ತಿಯಿಂದ ತಲೆಯಾಡಿಸಿದರು.

ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿ ಚಾಕ್ ಪುಡಿ ಕುಡಿದವನು ನಾನು, ನಿಮಗೆ ಗೊತ್ತು. ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದು ಸಿಇಟಿ ರ‍್ಯಾಂಕ್ ತಂದವರಿಗೆ ಅದೇ ಲೆಕ್ಕ ಚೂರು ತಿರುಚಿ ಕೊಟ್ಟರೆ "ಸರ್, ಸಿಲಬಸ್‌ನಲ್ಲಿಲ್ಲ" ಅನ್ನೋರು.

ಎಐ ಸಂಶೋಧಕ ಫ್ರಾನ್ಸ್ವಾ ಶೊಲೆ 2019ರಲ್ಲೇ ಹೇಳಿದ್ದು ಇದನ್ನೇ. ಏನೇನು ಬರುತ್ತೆ ಅನ್ನೋದು ಬುದ್ಧಿಯಲ್ಲ, ಗೊತ್ತಿಲ್ಲದ್ದನ್ನು ಎಷ್ಟು ಕಡಿಮೆ ಅಭ್ಯಾಸದಲ್ಲಿ ಕಲಿಯುತ್ತೀಯ ಅನ್ನೋದು ಬುದ್ಧಿ. ಅದನ್ನು ಅಳೆಯಲು ಆತ ಮಾಡಿದ್ದು ಬಣ್ಣದ ಚೌಕಗಳ ಒಗಟು, ಹೆಸರು ಆರ್ಕ್. ಎರಡು ಮೂರು ಉದಾಹರಣೆ ನೋಡಿ ನಿಯಮ ಹಿಡಿಯಬೇಕು, ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಓ3 ಅನ್ನೋ ಎಐ ಮಾದರಿ ಅದರಲ್ಲಿ ಶೇ 75.7 ತೆಗೆಯಿತು, ಕಂಪ್ಯೂಟರ್‌ಗಳಿಗೆ ಇನ್ನಷ್ಟು ದುಡ್ಡು ಸುರಿದಾಗ 87.5. ಬಂತು ಬಂತು ಅಂತ ಗದ್ದಲ! 2025ರ ಮಾರ್ಚ್‌ನಲ್ಲಿ ಆರ್ಕ್‌ನ ಎರಡನೇ ಆವೃತ್ತಿ ಬಂತು ನೋಡಿ, ಅದೇ ಓ3 ಶೇ 5 ಕೂಡ ದಾಟಲಿಲ್ಲ. ಆ ಆವೃತ್ತಿಯ ಪ್ರತಿ ಒಗಟನ್ನೂ ಕನಿಷ್ಠ ಇಬ್ಬರು ಮಾಮೂಲಿ ಜನ ಎರಡೇ ಯತ್ನದಲ್ಲಿ ಬಿಡಿಸಿದ್ದರು. ಆಮೇಲೆ ಹೊಸ ಮಾದರಿಗಳು ಅಲ್ಲೂ ಅಂಕ ಏರಿಸಿದವು. ಏರಿಸದೆ ಏನು, ಪೇಪರ್ ಹೀಗಿರುತ್ತೆ ಅಂತ ಗೊತ್ತಾದ ಮೇಲೆ ಟ್ಯೂಷನ್ ಶುರುವಾಗುತ್ತೆ!

"ಗಣಿತ ಒಲಿಂಪಿಯಾಡ್?" ಅಂತ ಕೇಳ್ತೀರಿ. 2025ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಮಾದರಿ 42ಕ್ಕೆ 35 ತೆಗೆಯಿತು, ಚಿನ್ನದ ಪದಕದ ಮಟ್ಟ. ಪ್ರಶ್ನೆಗಳು ಹೊಸವೇ, ಒಪ್ಪಿದೆ, ನನಗಂತೂ ಬಿಡಿಸಲು ಬರಲ್ಲ. ಆದರೂ ಅದೂ ಪರೀಕ್ಷೆಯೇ ತಾನೇ? ಪ್ರಶ್ನೆ ಯಾರೋ ಅಚ್ಚುಕಟ್ಟಾಗಿ ಬರೆದುಕೊಟ್ಟದ್ದು, ಉತ್ತರ ಸರಿಯೋ ತಪ್ಪೋ ತಿದ್ದಿ ಹೇಳಬಹುದಾದದ್ದು. ನಮ್ಮ ದಿನದಲ್ಲಿ ಅಂಥ ಪ್ರಶ್ನೆ ಎಷ್ಟಿರುತ್ತವೆ ಹೇಳಿ.

ಇಂಥ ಮಾತು ಹೊಸದೂ ಅಲ್ಲ. ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ 20 ವರ್ಷದಲ್ಲಿ ಯಂತ್ರ ಮಾಡುತ್ತೆ ಅಂತ ಎಐಗೆ ಬುನಾದಿ ಹಾಕಿದವರಲ್ಲೊಬ್ಬ ಹರ್ಬರ್ಟ್ ಸೈಮನ್ ಬರೆದದ್ದು 1965ರಲ್ಲಿ. ಆತ ದಡ್ಡನಲ್ಲ, ಆಮೇಲೆ ನೊಬೆಲ್ ಪಡೆದವನು!

ಇನ್ನು ಯಂತ್ರಕ್ಕೆ ಮನುಷ್ಯನಷ್ಟು ಬುದ್ಧಿ ಬಂತು ಅನ್ನಲು ಓಪನ್‌ಎಐನವರ ಅಳತೆಗೋಲು: ಆರ್ಥಿಕ ಬೆಲೆಯುಳ್ಳ ಬಹುಪಾಲು ಕೆಲಸದಲ್ಲಿ ಮನುಷ್ಯನನ್ನು ಮೀರಿಸಬೇಕಂತೆ. ಸಂಬಳವಿಲ್ಲದೆ ಜೀವಮಾನವಿಡೀ ಮನೆ ತೂಗಿಸಿದ ನಮ್ಮಮ್ಮನ ಕೆಲಸ ಈ ಲೆಕ್ಕಕ್ಕೇ ಬರಲ್ಲ, ಬಿಡಿ.

"ಸರ್, ನಿಮಗೆ ಕೆಲಸ ಹೋಗೋ ಭಯ" ಅಂತ ಯಾರಾದರೂ ಬರೆದೇ ಬರೀತೀರಿ. ಇದೆ ಕಣ್ರೀ. ಮೊನ್ನೆ ಯೂನಿಟ್ ಟೆಸ್ಟ್ ಪ್ರಶ್ನೆಗಳನ್ನು ಎಐ ಕೈಲೇ ಬರೆಸಿದೆ. ನನ್ನವಕ್ಕಿಂತ ಚೆನ್ನಾಗಿದ್ದವು, ಹೊಟ್ಟೆ ಉರೀತು. ಪ್ರಿನ್ಸಿಪಾಲರು ಈ ಪೋಸ್ಟ್ ನೋಡ್ತಾ ಇದ್ದರೆ, ಸರ್, ಇದು ತಮಾಷೆಗೆ ಬರೆದದ್ದು.