ಹೌರಾ ಸೇತುವೆ ಯಾರದ್ದು?

ನಮ್ಮ ಕಡೆ ಯಾವುದಾದರೂ ಹೊಸ ಸೇತುವೆ ಬಿರುಕು ಬಿಟ್ಟರೆ ಸಾಕು, "ಬ್ರಿಟಿಷರು ಕಟ್ಟಿದ ಹೌರಾ ಸೇತುವೆ ನೋಡ್ರಿ, ಹೆಂಗೆ ನಿಂತಿದೆ" ಅನ್ನೋ ಮಾತು ಶುರುವಾಗುತ್ತೆ. ಹೋದ ತಿಂಗಳು ಕಲ್ಕತ್ತಕ್ಕೆ ಹೋದಾಗ ಆ ಸೇತುವೆ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಅವತ್ತಿಂದ ಈ ಮಾತು ಕೇಳಿದರೆ ಸುಮ್ಮನಿರೋಕೆ ಆಗ್ತಿಲ್ಲ.

ವಿನ್ಯಾಸ ಲಂಡನ್ನಿನ ಎಂಜಿನಿಯರುಗಳದ್ದು, ನಿಜ. ಉಕ್ಕೂ ಅಲ್ಲಿಂದಲೇ ಬರಬೇಕಿತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಬೇಕಿದ್ದ 26,500 ಟನ್ನಿನಲ್ಲಿ ಇಂಗ್ಲೆಂಡಿನಿಂದ ಬಂದದ್ದು ಸುಮಾರು 3,000 ಟನ್ ಮಾತ್ರ. ಮಿಕ್ಕಿದ್ದನ್ನೆಲ್ಲ ಕೊಟ್ಟಿದ್ದು ಟಾಟಾ ಕಾರ್ಖಾನೆ. ಈ ಕೆಲಸಕ್ಕೆ ಒದಗಿದ ಗಟ್ಟಿ ಉಕ್ಕಿಗೆ ಅವರಿಟ್ಟ ಹೆಸರು ಟಿಸ್ಕ್ರೋಮ್. ಅದನ್ನು ಕತ್ತರಿಸಿ, ತೂತು ಕೊರೆದು ತುಂಡು ತುಂಡಾಗಿ ಸಿದ್ಧ ಮಾಡಿದ್ದು ಕಲ್ಕತ್ತದ ವರ್ಕ್‌ಶಾಪುಗಳು. ಜಮ್‌ಶೆಡ್‌ಪುರದ ಕುಲುಮೆ ಮುಂದೆ ಬೆಂದವರ ಹೆಸರು ಯಾಕೆ ಯಾರ ಬಾಯಲ್ಲೂ ಬರಲ್ಲ?

ಮೊದಲು ಅಲ್ಲಿದ್ದದ್ದು 1874ರ ತೇಲುಸೇತುವೆ. ಹಡಗು ಬಂದಾಗಲೆಲ್ಲ ಮಧ್ಯದ ಭಾಗ ಬಿಚ್ಚಿ ದಾರಿ ಬಿಡಬೇಕು, ಅಷ್ಟು ಹೊತ್ತು ಜನ ದಡದಲ್ಲೇ ಕಾಯಬೇಕು. ಅದಕ್ಕೇ ಹೊಸದಕ್ಕೆ ಹೂಗ್ಲಿ ನದಿಯೊಳಗೆ ಒಂದೂ ಕಂಬ ಇಡಲಿಲ್ಲ. ಎರಡೂ ದಡದ ಗೋಪುರಗಳಿಂದ ಒಂದೊಂದು ತೋಳು ಚಾಚಿಸಿ ನಡುವೆ ಕೂಡಿಸಿದರು: ಗೋಪುರದಿಂದ ಗೋಪುರಕ್ಕೆ 457 ಮೀಟರ್. 1943ರ ಫೆಬ್ರವರಿಯಲ್ಲಿ ಸಂಚಾರ ಶುರುವಾದಾಗ ಜಪಾನಿನ ಬಾಂಬಿನ ಭಯ, ಹಾಗಾಗಿ ಸಮಾರಂಭವೇ ಇಲ್ಲ. ರಾತ್ರಿ ಹೊತ್ತು ಒಂದು ಟ್ರಾಮ್ ದಾಟಿತು, ಅಷ್ಟೇ.

ಹತ್ತಿರ ಹೋಗಿ ರಿವೆಟ್‌ಗಳನ್ನು ಮುಟ್ಟಿ ನೋಡಿದೆ. ತೊಟ್ಟಿಮನೆ ಬಾಗಿಲಿನ ಗುಬ್ಬಿಗಳ ಹಾಗೆ ಸಾಲು ಸಾಲು. ಕೆಂಪಗೆ ಕಾಸಿ, ತೂತಿಗೆ ತೂರಿಸಿ, ಬಿಸಿ ಇರುವಾಗಲೇ ಬಡಿದದ್ದು. ಆರುತ್ತಾ ಕುಗ್ಗಿ ತಗಡುಗಳನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತೆ.

ರಸ್ತೆಯನ್ನು ಮೇಲಿಂದ ಹಿಡಿದಿರುವ ತೂಗುಕಂಬಗಳ ಬುಡ ನೋಡಿದಾಗ ಮಾತ್ರ ಕರುಳು ಚುರುಕ್ ಅಂತು. ಎಲೆಅಡಿಕೆ, ಗುಟ್ಕಾ ಉಗುಳು. ಆ ಉಗುಳಿಗೆ ಬುಡದ ಉಕ್ಕಿನ ಕವಚ 2007ರಿಂದ ನಾಲ್ಕೇ ವರ್ಷದಲ್ಲಿ 6 ಮಿಲಿಮೀಟರಿನಿಂದ 3ಕ್ಕೆ ಸವೆದಿತ್ತು. ಕಡೆಗೆ ಫೈಬರ್ ಗ್ಲಾಸ್ ಹೊದಿಸಬೇಕಾಯಿತು. ಯುದ್ಧದಲ್ಲಿ ಉಳಿದ ಸೇತುವೆ ಕಣ್ರೀ ಇದು!

ಮಲ್ಲಿಕ್ ಘಾಟಿನ ಹೂವಿನ ಸಂತೆಯಿಂದ ತಲೆ ಮೇಲೆ ಚೆಂಡುಹೂವಿನ ಹೊರೆ ಹೊತ್ತವರು ಒಬ್ಬರ ಹಿಂದೊಬ್ಬರು ಬರ್ತಿದ್ದರು. ಬಸ್ಸು ಹೋದಾಗಲೆಲ್ಲ ಕಾಲ ಕೆಳಗೆ ಸೇತುವೆ ಸಣ್ಣಗೆ ನಡುಗುತ್ತಿತ್ತು. ನನ್ನ ಪಕ್ಕದಲ್ಲೇ ಒಬ್ಬ ಬಾಯಿ ತುಂಬಿಕೊಂಡು ಕಂಬದ ಕಡೆ ಬಗ್ಗಿದ. "ದಾದಾ, ಬೇಡ" ಅಂದುಬಿಟ್ಟೆ, ಕನ್ನಡದಲ್ಲೇ. ನನ್ನ ಮುಖ ನೋಡಿದ. ನುಂಗಿಕೊಂಡು ಮುಂದೆ ಹೋದ.