ಬಿಸಿಲಿದ್ರೂ ಫೆರ್ರಿ ಕ್ಯಾನ್ಸಲ್ ಮಾಡೋದು ಮೋಸಾನಾ? ಒಂದು ಸ್ಪಷ್ಟನೆ

"ಆಕಾಶ ಕ್ಲಿಯರ್ ಇದೆ, ಗಾಳಿನೂ ಇಲ್ಲ, ಆದ್ರೂ ದ್ವೀಪದ ಫೆರ್ರಿ ಕ್ಯಾನ್ಸಲ್ ಅಂದ್ರೆ ಜನ ಕಮ್ಮಿ ಅಂತ ಆಡೋ ನಾಟಕ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಇದು ಸರಿ ಇಲ್ಲ.

ಸಮುದ್ರದ ಅಲೆ ಎಲ್ಲಾ ಅಲ್ಲೇ ಬೀಸೋ ಗಾಳಿಯಿಂದ ಬರಲ್ಲ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಬಿರುಗಾಳಿ ಎದ್ದಿದ್ರೆ ಅದರ ಉದ್ದನೆಯ ಅಲೆಗಳು ಎರಡು ಮೂರು ದಿನ ಬಿಟ್ಟು ಇಲ್ಲಿಗೆ ಬರ್ತವೆ, ಅಷ್ಟೊತ್ತಿಗೆ ಇಲ್ಲಿ ಚೆನ್ನಾಗಿ ಬಿಸಿಲು ಬಿದ್ದಿರುತ್ತೆ, ದಡದಲ್ಲಿ ನಿಂತು ನೋಡಿದ್ರೆ ಏನೂ ಅನ್ಸಲ್ಲ. ನಡು ಸಮುದ್ರದಲ್ಲಿ ಹಡಗು ಇದನ್ನ ತಡ್ಕೊಳ್ಳುತ್ತೆ, ನಿಜವಾದ ತಲೆನೋವು ಜೆಟ್ಟಿ ಹತ್ರ: ಕಟ್ಟಿ ಹಾಕಿದ ಹಡಗು ಹಿಂದೆ ಮುಂದೆ ಎಳೆದಾಡಿ ಹಗ್ಗ ತುಂಡಾಗಬಹುದು, ವಾಹನ ಇಳಿಯೋ ರ‍್ಯಾಂಪ್ ಮೇಲೆ ಕೆಳಗೆ ಕುಣೀತಿದ್ರೆ ಅದರ ಮೇಲೆ ಕಾರು ಬಿಡೋರು ಯಾರು?

ಇನ್ನೊಂದು ಕಾರಣ ಉಬ್ಬರ ಇಳಿತ: ಇಳಿತದ ಹೊತ್ತಲ್ಲಿ ಬಂದರಿನ ನೀರು ತೀರಾ ಕಮ್ಮಿಯಾದ್ರೆ ಹಡಗು ಒಳಗೆ ಬರೋಕಾಗಲ್ಲ. ಇಂಗ್ಲೆಂಡಿನ ಪೆನ್ಜಾನ್ಸ್‌ನಿಂದ ಸಿಲ್ಲಿ ದ್ವೀಪಗಳಿಗೆ ಹೋಗೋಕೆ ಅಂತ ಸಿಲ್ಲೋನಿಯನ್ ಥ್ರೀ ಹಡಗನ್ನ 1977ರಲ್ಲಿ ಕಟ್ಟಿದಾಗಲೇ ಬಂದರುಗಳಲ್ಲಿ ನೀರು ಕಮ್ಮಿ ಅಂತ ತಳ ಆಳ ಇಲ್ಲದ ಹಾಗೆ ಮಾಡಿದ್ರು, ಅಂಥ ಹಡಗು ದೊಡ್ಡ ಅಲೆಗೆ ಜಾಸ್ತಿ ಹೊಯ್ದಾಡುತ್ತೆ.

ಕಂಪನಿಗಳೆಲ್ಲ ಸಾಚಾ ಅಂತ ಹೇಳ್ತಿಲ್ಲ, ಎಂಜಿನ್ ಕೆಟ್ಟು, ಸಿಬ್ಬಂದಿ ಇಲ್ದೆ ನಿಲ್ಸೋದೂ ಇದೆ, ದ್ವೀಪದವರಿಗೆ ಔಷಧಿ ಸಾಮಾನು ಎಲ್ಲಾ ಅದ್ರಲ್ಲೇ ಬರೋದ್ರಿಂದ ಸಿಟ್ಟು ಬರೋದೂ ನ್ಯಾಯವೇ. ಆದ್ರೆ 2002ರಲ್ಲಿ ಸೆನೆಗಲ್‌ನ ಲೆ ಜೂಲಾ ಫೆರ್ರಿ ಮಿತಿಗಿಂತ ಎಷ್ಟೋ ಪಟ್ಟು ಜನ ತುಂಬ್ಕೊಂಡು ಹೋಗಿ ಬಿರುಗಾಳಿಗೆ ಮಗುಚಿ 1,800ಕ್ಕೂ ಹೆಚ್ಚು ಜನ ಸತ್ರು. ಮುಂದಿನ ಸಲ ಕ್ಯಾನ್ಸಲ್ ಆದ್ರೆ ಆಕಾಶ ನೋಡಬೇಡಿ, ಹವಾಮಾನ ವರದಿಯಲ್ಲಿ ಅಲೆಯ ಎತ್ತರ ಎಷ್ಟು, ಎರಡು ಅಲೆ ನಡುವೆ ಎಷ್ಟು ಸೆಕೆಂಡ್ ಅಂತ ನೋಡಿ, ಸೆಕೆಂಡ್ ಜಾಸ್ತಿ ಇದ್ರೆ ಅದು ದೂರದಿಂದ ಬಂದ ಉದ್ದನೆಯ ಅಲೆ.